ಯೂಸರ್ ಸ್ಕ್ರಿಪ್ಟ್ ನಿಲ್ಲಿಸ್ಲಿಕ್ಕೆ ಯಾವ್ದು ಒಳ್ಳೇದು? ನಾನು ಟ್ರೈ ಮಾಡಿದ್ದು

ನಮ್ಮದೊಂದು ಸಣ್ಣ ಡೆಸ್ಕ್‌ಟಾಪ್ ಟೂಲ್ ಉಂಟು, ಪೈಥಾನ್ ಮತ್ತು ಕ್ಯೂಟಿ (ವಿಂಡೋ, ಬಟನ್ ಮಾಡುವ ಲೈಬ್ರರಿ), ಮಲ್ಪೆ ಬೋಟ್‌ಗಳ ಜಿಪಿಎಸ್ ಟ್ರ್ಯಾಕ್ ನೋಡ್ಲಿಕ್ಕೆ. ಅದ್ರೊಳಗೆ ಯೂಸರ್ ತನ್ನದೇ ಸ್ಕ್ರಿಪ್ಟ್ ಬರೆದು ಓಡಿಸ್ಬಹುದು, ಅಲ್ಲೇ ತಲೆಬಿಸಿ ಶುರು. ಯಾರಾದ್ರೂ ಮುಗಿಯದ ಲೂಪ್ ಬರೆದ್ರೆ ಸ್ಟಾಪ್ ಬಟನ್ ಎಂತ ಮಾಡುದು?

ಫ್ಲ್ಯಾಗ್ (ನಿಲ್ಲು ಅಂತ ಹೇಳುವ ಗುರುತು) ಇಟ್ಟು ಚೆಕ್ ಮಾಡುದು ನಮ್ಮ ಕೋಡಿಗೆ ಸರಿ, ಯೂಸರ್ ಅದನ್ನು ನೋಡ್ಲಿಕ್ಕೇ ಹೋಗುದಿಲ್ಲ. ಟ್ರೇಸ್ ಹಾಕಿ ಪ್ರತಿ ಲೈನಿಗೂ ಚೆಕ್ ಮಾಡ್ಬಹುದು, ಆದ್ರೆ ಸ್ಕ್ರಿಪ್ಟ್ ತೆವಳ್ತದೆ.

ಕ್ಯೂಥ್ರೆಡ್‌ನ (ಅದೇ ಪ್ರೋಗ್ರಾಂ ಒಳಗೆ ಜೊತೆಯಲ್ಲಿ ಓಡುವ ಕ್ಯೂಟಿಯ ಥ್ರೆಡ್) ಟರ್ಮಿನೇಟ್ ಅಂತೂ ಬೇಡವೇ ಬೇಡ ಮಾರಾಯ್ರೆ. ಸಾಯುವ ಥ್ರೆಡ್ ಕೈಯಲ್ಲಿ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸ್ಲಿಕ್ಕೆ ಬಿಡುವ ಬೀಗ) ಇದ್ರೆ ಅದು ಬಿಡುಗಡೆ ಆಗುದೇ ಇಲ್ಲ, ಒಳಗಿಂದ ಚಿಲಕ ಹಾಕಿ ಮನುಷ್ಯ ಮಾಯ ಆದ ಹಾಗೆ, ಇಡೀ ವಿಂಡೋ ಫ್ರೀಝ್. ಜಾವಾದವ್ರು ಥ್ರೆಡ್ ಸ್ಟಾಪನ್ನು 1998ರಲ್ಲೇ ಬೇಡ ಅಂದ್ರು, ಜಾವಾ 20ರಲ್ಲಿ ಅದು ಬರೀ ಎಕ್ಸೆಪ್ಶನ್ ಎಸೀತದೆ.

ಪೈಥಾನ್ ಒಳಗಿನ ಸಿ ಫಂಕ್ಷನ್ ಸೆಟ್‌ಅಸಿಂಕ್‌ಎಕ್ಸ್‌ಸಿ ನಂಗೆ ಇಷ್ಟ ಆಯ್ತು. ಸಿಟೈಪ್ಸ್‌ನಿಂದ (ಸಿ ಫಂಕ್ಷನ್ ಕರೆಯುವ ಪೈಥಾನ್ ಲೈಬ್ರರಿ) ಕರೆದು ಬೇರೆ ಥ್ರೆಡ್ ಒಳಗೆ ಎಕ್ಸೆಪ್ಶನ್ ಎಬ್ಬಿಸುದು, ಶುದ್ಧ ಪೈಥಾನ್ ಲೂಪ್ ಆದ್ರೆ ತಕ್ಷಣ ನಿಲ್ತದೆ. ಆದ್ರೆ ಥ್ರೆಡ್ ಮತ್ತೆ ಬೈಟ್‌ಕೋಡ್‌ಗೆ (ಪೈಥಾನ್ ಸ್ವತಃ ಓಡಿಸುವ ಸೂಚನೆಗಳಿಗೆ) ಬರುವವರೆಗೆ ಕಾಯ್ಬೇಕು, ಹತ್ತು ನಿಮಿಷದ ಸ್ಲೀಪ್ ಹಾಕಿದ್ರೆ ಹತ್ತು ನಿಮಿಷ, ನಮ್‌ಪೈ (ಲೆಕ್ಕದ ಲೈಬ್ರರಿ) ದೊಡ್ಡ ಲೆಕ್ಕದಲ್ಲಿ ಮುಳುಗಿದ್ರೂ ಅದೇ ಕಥೆ. ಬೇಸ್‌ಎಕ್ಸೆಪ್ಶನ್‌ನಿಂದ ಕ್ಲಾಸ್ ಮಾಡಿ, ಇಲ್ಲಾಂದ್ರೆ ಯೂಸರ್‌ನ ಎಕ್ಸೆಪ್ಟ್ ಎಕ್ಸೆಪ್ಶನ್ ಅದನ್ನು ನುಂಗಿ ಬಿಡ್ತದೆ, ಬರೀ ಎಕ್ಸೆಪ್ಟ್ ಅಂತ ಬರೆದವ್ರಿಗೆ ಅದೂ ನಾಟುದಿಲ್ಲ. ಫೈನಲಿ ಬ್ಲಾಕ್ ಮಧ್ಯದಲ್ಲೇ ಬಂದು ಬಿದ್ರೆ ಫೈಲ್ ಅರ್ಧ ಬರೆದಲ್ಲಿಗೆ ನಿಲ್ಬಹುದು.

ಕೊನೆಗೆ ನಾನು ಉಳಿಸಿಕೊಂಡದ್ದು ಸ್ಕ್ರಿಪ್ಟನ್ನು ಬೇರೆ ಪ್ರೋಸೆಸ್ ಆಗಿ ಓಡಿಸುದು. ಕಿಲ್ ಮಾಡಿದ್ರೆ ಓಎಸ್ ಮೆಮೊರಿ ಎಲ್ಲ ವಾಪಸ್ ತಗೊಳ್ತದೆ, ಮೇನ್ ವಿಂಡೋಗೆ ಬಿಸಿ ತಾಗುದಿಲ್ಲ. ಬದಲಿಗೆ ಸ್ಕ್ರಿಪ್ಟ್‌ಗೆ ಮ್ಯಾಪ್ ಆಬ್ಜೆಕ್ಟ್ ನೇರ ಮುಟ್ಲಿಕ್ಕೆ ಆಗುದಿಲ್ಲ, ಡೇಟಾ ಪಿಕಲ್ ಆಗಿ, ಅಂದ್ರೆ ಬೈಟ್ ಸಾಲಾಗಿ ಬದಲಾಗಿ, ಹೋಗ್ಬೇಕು (ದೊಡ್ಡ ಅರೇ ಇದ್ರೆ ಪೈಥಾನ್ 3.8ರಲ್ಲಿ ಬಂದ ಶೇರ್ಡ್ ಮೆಮೊರಿ ಬಳಸಿ), ಮತ್ತು ವಿಂಡೋಸ್‌ನಲ್ಲಿ ಪ್ರತಿ ಸಲ ಹೊಸ ಇಂಟರ್‌ಪ್ರಿಟರ್ ಎದ್ದು ಇಂಪೋರ್ಟ್ ಎಲ್ಲ ಮತ್ತೆ ಮಾಡ್ಬೇಕಾಗ್ತದೆ, ಹಾಗಾಗಿ ಒಂದು ವರ್ಕರ್ (ಸ್ಕ್ರಿಪ್ಟ್ ಓಡಿಸುವ ಪ್ರೋಸೆಸ್) ಮೊದಲೇ ಎಬ್ಬಿಸಿ ಇಡುದು ಒಳ್ಳೇದು.

ಈಗ ಸ್ಟಾಪ್ ಒತ್ತಿದ್ರೆ ಮೊದಲು ವರ್ಕರ್ ಒಳಗಿನ ಒಂದು ಥ್ರೆಡ್ ಇಂಟರಪ್ಟ್ ಮೇನ್ ಕರೀತದೆ (ಕಂಟ್ರೋಲ್-ಸಿ ಒತ್ತಿದ ಹಾಗೆ), ಎರಡು ಸೆಕೆಂಡಿನಲ್ಲಿ ಮುಗೀದಿದ್ರೆ ಕಿಲ್. ಹಳೆ ಪೈಪನ್ನು (ಎರಡು ಪ್ರೋಸೆಸ್ ನಡುವೆ ಡೇಟಾ ಹೋಗುವ ದಾರಿ) ಮತ್ತೆ ಬಳಸ್ಬೇಡಿ, ಮಧ್ಯದಲ್ಲಿ ಸತ್ತ ಪ್ರೋಸೆಸ್ ಅದನ್ನು ಕೆಡಿಸಿರ್ಬಹುದು, ಹೊಸದು ಮಾಡಿ. ಬಫರ್‌ನಲ್ಲಿದ್ದ ಪ್ರಿಂಟ್ ಸಾಲುಗಳೂ ಕಿಲ್ ಜೊತೆ ಹೋಗ್ತವೆ, ಫ್ಲಶ್ ಆನ್ ಇಟ್ಟುಕೊಳ್ಳಿ.