ಮೂರು ಜ್ವರ, ಒಂದೇ ಮಳೆ: ಕೊಂಡ ತಂತ್ರಾಂಶವೋ, ಆರ್ ಭಾಷೆಯೋ?

ಮುಂಬೈ ಬಳಿಯ ಡೊಂಬಿವಲಿಯ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಹಾಸಿಗೆ, ಔಷಧಿಗಳ ಲೆಕ್ಕ ನನ್ನದು. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಒಂದೇ ವಾರ ಏರಿದರೆ ಗತಿಯೇನು ಎಂದು ಅಂದಾಜಿಸಲು, ಸ್ಪ್ರೆಡ್‌ಶೀಟಿಗೆ ಜೋಡಿಸುವ ತಂತ್ರಾಂಶವೊಂದಕ್ಕೆ ವರ್ಷದ ಚಂದಾ ಕಟ್ಟಿದೆವು. ಈಗ ಅದನ್ನು ಯಾರೂ ತೆರೆಯುವುದಿಲ್ಲ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ, ಬಿಟ್ಟಿ ಸಿಗುವ ಕಂಪ್ಯೂಟರ್ ಭಾಷೆ ಆರ್ (R) ಕೆಲಸ ನಡೆಸುತ್ತಿದೆ.

ತಕರಾರು ಮುಖ್ಯವಾಗಿ ಒಂದೇ. ಆ ತಂತ್ರಾಂಶ ತಾನಾಗಿ ಪ್ರತಿ ರೋಗಕ್ಕೂ ಬೇರೆ ಬೇರೆ ದಾಳ ಹಾಕುತ್ತದೆ, ಅಂದರೆ ಒಂದರ ಏರಿಕೆಗೂ ಇನ್ನೊಂದರದಕ್ಕೂ ನಂಟಿಲ್ಲವೆಂದು ಯಾದೃಚ್ಛಿಕ ಸಂಖ್ಯೆಗಳನ್ನು ಎತ್ತುತ್ತದೆ. ಒಂದು ವಾರದಲ್ಲಿ ಒಂದೊಂದು ರೋಗವೂ ಏರುವ ಸಂಭವ ಶೇ 20 ಎಂದುಕೊಳ್ಳಿ. ಗುಣಿಸಿದರೆ ಮೂರೂ ಕೂಡಿ ಏರುವುದು ಶೇ 0.8, ಮರೆತುಬಿಡಬಹುದಾದ ಸಂಖ್ಯೆ. ಆದರೆ ಮುಂಬೈಯಲ್ಲಿ ಮೂರಕ್ಕೂ ಮೂಲ ಮಳೆಯೇ. ನಾಲ್ಕರಲ್ಲಿ ಒಂದು ವಾರ ಭಾರಿ ಮಳೆಯದು, ಆಗ ಸಂಭವ ಶೇ 50, ಉಳಿದ ವಾರಗಳಲ್ಲಿ ಶೇ 10 ಎಂದಿಡಿ. ಸರಾಸರಿ ಅದೇ 20. ಮೂರೂ ಕೂಡಿ ಬರುವುದು ಮಾತ್ರ ಶೇ 3.2, ಅಂದರೆ ನಾಲ್ಕು ಪಟ್ಟು! 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದ ಮೇಲೆ ಇಲಿಜ್ವರ ಹಬ್ಬಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಗಳ ನಡುವಿನ ನಂಟನ್ನು ತುಂಬಲು ಆ ತಂತ್ರಾಂಶದಲ್ಲೊಂದು ಕೋಷ್ಟಕವೇನೋ ಇದೆ. ಆದರೆ ಕಾಲದ ಅಂತರಕ್ಕೆ ಅದರಲ್ಲಿ ಜಾಗವಿಲ್ಲ. ಕೊಳಕು ನೀರಿನಲ್ಲಿ ನಡೆದವರಿಗೆ ಇಲಿಜ್ವರ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಕಾಣಿಸುತ್ತದೆ. ಡೆಂಗಿ ಹಾಗಲ್ಲ: ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯಬೇಕು, ಅದರೊಳಗೆ ವೈರಾಣು ಬಲಿಯಬೇಕು, ಕಚ್ಚಿದ ಮೇಲೂ 4ರಿಂದ 10 ದಿನ ಬೇಕು. ಒಂದೇ ಮಳೆಯ ರೋಗಿಗಳು ಬೇರೆ ಬೇರೆ ವಾರ ಬರುತ್ತಾರೆ. ಡೆಂಗಿಯವರು ಬರುವ ಹೊತ್ತಿಗೆ ಮುಂದಿನ ಮಳೆಯ ಇಲಿಜ್ವರದವರು ಹಾಸಿಗೆ ಹಿಡಿದಿರುತ್ತಾರೆ. ಆರ್‌ನಲ್ಲಿ ಮೊದಲು ಮಳೆಯನ್ನು ಸೃಷ್ಟಿಸಿ, ಅದರಿಂದ ಮೂರು ರೋಗಗಳನ್ನು ಹೊರಡಿಸಿ, ಡೆಂಗಿಯ ಸಾಲನ್ನು ಕೆಲವು ವಾರ ತಡವಾಗಿ ಬರುವಂತೆ ಸರಿಸಿದರೆ ಮುಗಿಯಿತು.

ಬರಿಯ ಸ್ಪ್ರೆಡ್‌ಶೀಟನ್ನೂ ನೋಡಿದ್ದೇನೆ. ಒಂದು ಅಂಕಿ ತಿದ್ದಿದರೆ ಯಾದೃಚ್ಛಿಕ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಡಾಕ್ಟರರ ಎದುರು ತೆರೆದರೆ ಮಾನ ಉಳಿಯುವುದಿಲ್ಲ. ಆರ್‌ನಲ್ಲಿ ಬೀಜಸಂಖ್ಯೆ (ಯಾದೃಚ್ಛಿಕ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಅಂಕಿ) ಕೊಟ್ಟರೆ ಅದೇ ಉತ್ತರ ಮತ್ತೆ ಬರುತ್ತದೆ.

ಚಿತ್ರ, ಬಣ್ಣಗಳಲ್ಲಿ ಕೊಂಡ ತಂತ್ರಾಂಶವೇ ಮೇಲು. ಒಂದೇ ರೋಗದ ಲೆಕ್ಕವಾದರೆ, ಆಜ್ಞೆಗಳನ್ನು ಬರೆಯಲು ಬೇಸರವಿದ್ದರೆ, ಅದನ್ನೇ ಕೊಳ್ಳಿ. ನನಗೆ ಕೀಲಿಮಣೆ ಕುಟ್ಟಿ ಅಭ್ಯಾಸ, ನಮ್ಮ ಮಾಲೀಕರಿಗೆ ಬಿಟ್ಟಿ ಎಂದರೆ ಪ್ರೀತಿ. ಈ ಸಲ ಚಂದಾ ನವೀಕರಿಸುತ್ತಿಲ್ಲ; ಆ ಹಣದಲ್ಲಿ ಡೆಂಗಿ ಪರೀಕ್ಷೆಯ ಕಿಟ್‌ಗಳನ್ನು ತರಿಸುತ್ತಿದ್ದೇವೆ.