ಗೊಬ್ಬರದ ಅಂಗಡಿಗೆ ನಾಲ್ಕು ಸ್ಟಾರ್, ಬಾಟಲಿ ಮೇಲಿನ ಚೀಟಿಗೆ ಎರಡೇ

ಚಿಕ್ಕಮಗಳೂರು ಪೇಟೆಯಲ್ಲಿ ನಾನು ಆರು ವರ್ಷದಿಂದ ಹೋಗುತ್ತಿರುವ ಒಂದು ಗೊಬ್ಬರದ ಅಂಗಡಿ ಇದೆ. ಹೆಸರು ಹಾಕುವುದಿಲ್ಲ. ಹಾಕಿದರೆ ಮಾಲೀಕರು "ಯಾಕಕ್ಕ ಬೇಕಿತ್ತು ಇದೆಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಹೊರಗೆ ಪೈಪಿನ ಸುರುಳಿ, ಬಾಗಿಲಲ್ಲೇ ಯೂರಿಯಾ ಮೂಟೆ, ಒಳಗೆ ಹೋದ ತಕ್ಷಣ ಮೂಗಿಗೆ ಹತ್ತುವ ಆ ವಾಸನೆ. ಎಲ್ಲಾ ಗೊಬ್ಬರದ ಅಂಗಡಿಯೂ ಹೀಗೇ ಇರುತ್ತೆ, ಅಲ್ವಾ?

ಆದರೆ ಇಲ್ಲಿ ಎರಡು ವಿಷಯ ಬೇರೆ. ಒಂದು, ಹೆಂಗಸು ಒಬ್ಬಳೇ ಬಂದಳು ಅಂತ "ಯಜಮಾನ್ರು ಬಂದಿಲ್ವಾ?" ಅಂತ ಕೇಳುವುದಿಲ್ಲ. ಆಲ್ದೂರು ಕಡೆ ನಾಲ್ಕು ಎಕರೆ ಕಾಫಿ, ಮೆಣಸು ನೋಡಿಕೊಳ್ಳುವುದು ನಾನೇ, ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಇನ್ನೊಂದು, ಯಾವ ಔಷಧಿ ಕೊಟ್ಟರೂ ಕೈಗೆ ಕೊಡುವ ಮುಂಚೆ ಬಾಟಲಿ ತಿರುಗಿಸಿ ಚೀಟಿ ತೋರಿಸುತ್ತಾರೆ. ಹೋದ ತಿಂಗಳು ಕಾಂಡ ಕೊರೆಯುವ ಬೋರರ್ ಹುಳಕ್ಕೆ ಅಂತ ಕಾಂಡಕ್ಕೆ ಹೊಡೆಯುವ ಔಷಧಿ ತಗೊಂಡೆ, ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಇರುವಂಥದ್ದು. ಅವರು ಬಾಟಲಿಯ ಮೂಲೆಯ ಮೇಲೆ ಬೆರಳಿಟ್ಟು, "ಅಕ್ಕ, ಹಳದಿ ಕಾಣ್ತಾ? ಗ್ಲೌಸ್ ಇದ್ಯಾ ಮನೇಲಿ? ಸುಳ್ಳು ಹೇಳ್ಬೇಡಿ" ಅಂದರು. ಇರಲಿಲ್ಲ. ಗ್ಲೌಸ್ ಕೊಟ್ಟರು, ದುಡ್ಡೂ ತಗೊಂಡರು, ಬಿಲ್ಲಿನಲ್ಲಿ ಬೇರೆ ಬರೆದರು. ಫ್ರೀ ಕೊಡಬಹುದಿತ್ತು ಅಂತ ಅನ್ನಿಸಿತು, ಆದರೂ ಕೇಳಿದ್ದೇ ದೊಡ್ಡದು.

ಬಿಡಿಯಾಗಿ ಸುರಿದು ಕೊಡುವುದಿಲ್ಲ. ನನ್ನ ಎದುರಿಗೇ ಒಬ್ಬರು ಕ್ವಾರ್ಟರ್ ಬಾಟಲಿ ಹಿಡಿದುಕೊಂಡು ಬಂದು "ಸ್ವಲ್ಪ ಇದಕ್ಕೆ ಹಾಕಿ ಅಣ್ಣ, ಪೂರ್ತಿ ಯಾಕೆ" ಅಂದರು. "ಆಗಲ್ಲ ಅಣ್ಣ, ಬೇರೆ ಕಡೆ ನೋಡಿ" ಅಂದು ಕಳಿಸಿಯೇಬಿಟ್ಟರು. ನಾಲ್ಕು ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಇದು ನನಗೆ ಯಾಕೆ ಅಷ್ಟು ಮುಖ್ಯ ಅಂದರೆ, ಹತ್ತು ಹನ್ನೆರಡು ವರ್ಷದ ಹಿಂದೆ ಬೇರೆ ಒಂದು ಅಂಗಡಿಯವರು ನಮಗೆ ಇದೇ ತರಹದ ಔಷಧಿಯನ್ನು ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟಿದ್ದರು. ಅರ್ಧ ಲೀಟರ್ ಸಾಕು ಅಂತ ನಾವೇ ಕೇಳಿದ್ದು, ತಪ್ಪು ನಮ್ಮದೂ ಇದೆ. ಉಳಿದಿದ್ದನ್ನು ಕೊಟ್ಟಿಗೆ ಕಿಟಕಿಯಲ್ಲಿ ಇಟ್ಟಿದ್ದೆ. ಕಂದು ಬಣ್ಣ, ಎಣ್ಣೆ ತರಹ ಇತ್ತು. ನಮ್ಮ ಮಾವನಿಗೆ ಮಂಡಿನೋವು. ಯಾರೋ ಮಂಡಿಗೆ ಹಚ್ಚಲು ಎಣ್ಣೆ ತಂದಿಟ್ಟಿದ್ದಾರೆ ಅಂತ ತಿಳಿದು ಎರಡೂ ಮಂಡಿಗೆ ಚೆನ್ನಾಗಿ ತಿಕ್ಕಿಕೊಂಡು ಬಿಸಿಲಿಗೆ ಕೂತರು. ಅವರಿಗೆ ಮೊದಲಿಂದಲೂ ವಾಸನೆ ಗೊತ್ತಾಗುತ್ತಿರಲಿಲ್ಲ. ನನಗೆ ಅಂಗಳಕ್ಕೆ ಬಂದಾಗ ಗೊತ್ತಾಯಿತು. ಸೋಪು ಹಾಕಿ ತೊಳೆದು, ಬಟ್ಟೆ ಬದಲಾಯಿಸಿ, ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಓಡಿದ್ದಾಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ನಾನು ನೀರಿನ ಬಾಟಲಿ ತೋರಿಸಿದೆ. ಅದರ ಮೇಲೆ ಮಿನರಲ್ ವಾಟರ್ ಅಂತ ಬರೆದಿತ್ತು. ಭಾನುವಾರ, ಅಂಗಡಿ ಮುಚ್ಚಿತ್ತು, ಫೋನೂ ಎತ್ತಲಿಲ್ಲ. ಒಂದು ರಾತ್ರಿ ಇಟ್ಟುಕೊಂಡು ನೋಡಿ ಕಳಿಸಿದರು, ಮಾವನಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಪ್ರಶ್ನೆಗೆ ಉತ್ತರ ಇಲ್ಲದೆ ನಿಂತಿದ್ದು ನನಗೆ ಇನ್ನೂ ಮರೆತಿಲ್ಲ.

ಸರಿ, ಇನ್ನು ಚೀಟಿಯ ವಿಚಾರ. ಅಂಗಡಿಗಿಂತ ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ನಮ್ಮ ಔಷಧಿ ಬಾಟಲಿ ಮೇಲೆ ಮೂಲೆ ಮೇಲೆ ಮಾಡಿ ನಿಲ್ಲಿಸಿದ ಒಂದು ಚೌಕ ಇರುತ್ತೆ ನೋಡಿ, ವಜ್ರದ ಆಕಾರದ್ದು. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೀಟನಾಶಕಗಳ ಕಾಯ್ದೆ 1968ರದ್ದು, ನಿಯಮಗಳು 1971ರವು, ಈ ಬಣ್ಣದ ಲೆಕ್ಕ ಅಲ್ಲಿಂದ ಬಂದದ್ದು. ಕೆಂಪು ಅಂದರೆ ತೀರಾ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಯಾವ ಬಣ್ಣ ಅಂತ ತೀರ್ಮಾನ ಮಾಡುವುದು ಮುಖ್ಯವಾಗಿ ಒಂದು ಅಳತೆಯಿಂದ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಒಂದು ಕೆಜಿ ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಅಂತ. ಹೊಟ್ಟೆಗೆ ಹೋದರೆ 50ರ ಒಳಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕಿಂತ ಮೇಲೆ ಹಸಿರು. ಚರ್ಮಕ್ಕೆ ತಾಗಿದರೆ ಲೆಕ್ಕ ಬೇರೆ. ಅಂದರೆ ಸಂಖ್ಯೆ ಚಿಕ್ಕದಾದಷ್ಟೂ ವಿಷ ಜೋರು.

ಕೇಳಲು ಚೆನ್ನಾಗಿದೆ. ಆದರೆ ನೀಲಿ ಹಳದಿಗಿಂತ ಕಡಿಮೆಯೋ ಜಾಸ್ತಿಯೋ ಅಂತ ಯಾರಿಗೆ ಗೊತ್ತು? ಸಿಗ್ನಲ್ ದೀಪದಲ್ಲಿ ನೀಲಿ ಇಲ್ಲವಲ್ಲ. ಹಸಿರಿನ ಕಥೆ ಇನ್ನೂ ತಮಾಷೆ. ನಮ್ಮ ಆಳುಗಳ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗನಿಗೆ ಹಸಿರು ಗುರುತಿನ ಡಬ್ಬಿ ತೋರಿಸಿ ಏನಿದು ಅಂತ ಕೇಳಿದೆ. "ವೆಜ್" ಅಂದ. ಅವನದೇನು ತಪ್ಪು, ಬಿಸ್ಕತ್ ಪ್ಯಾಕೆಟ್ಟಿನ ಮೇಲೆ ಹಸಿರು ಇದ್ದರೆ ಅದೇ ಅರ್ಥ ಅಂತ ದೇಶಕ್ಕೆಲ್ಲ ಕಲಿಸಿದ್ದೇವೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಹಳದಿಯ ವಿಚಾರದಲ್ಲಿ. ಕೆಂಪಿನ ಮೇಲೆ ತಲೆಬುರುಡೆ, ಮೂಳೆ ಎರಡೂ ಇರುತ್ತವೆ. ಹಳದಿಯಲ್ಲಿ ಬುರುಡೆ ಇಲ್ಲ! "ವಿಷ" ಅಂತ ಅಕ್ಷರ ಮಾತ್ರ. ತೋಟದಲ್ಲಿ ಔಷಧಿ ಹೊಡೆಯುವವರು ಈಗ ಹೆಚ್ಚಾಗಿ ಹೊರಗಿನವರು, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಕಾಣುವುದು ಒಂದು ಹಳದಿ ತ್ರಿಕೋನ, ಅಷ್ಟೇ. ಅರಿಶಿನದ ಬಣ್ಣ. ನಾವು ಬೇರೆ ಬೆಳಗ್ಗಿಂದ ಸಂಜೆವರೆಗೆ ಅದನ್ನು "ಔಷಧಿ, ಔಷಧಿ" ಅಂತ ಕರೆಯುತ್ತೇವೆ.

ಇದನ್ನು ಅಕ್ಕನ ಮಗನ ಹತ್ತಿರ ಹೇಳಿದೆ. ಅವನು ಬೆಂಗಳೂರಿನಲ್ಲಿ ಯುರೋಪಿಗೆ ರಾಸಾಯನಿಕ ಕಳಿಸುವ ಕಂಪನಿಯೊಂದರಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ. "ಚಿಕ್ಕಮ್ಮ, ಅಲ್ಲಿಗೆ ಹೋಗುವ ಡ್ರಮ್ಮಿಗೆ ನಾವು ಬೇರೆ ಚೀಟಿ ಅಂಟಿಸ್ತೀವಿ" ಅಂತ ಫೋಟೋ ಕಳಿಸಿದ. ಬಿಳಿ ಹಿನ್ನೆಲೆ, ಸುತ್ತ ಕೆಂಪು ಗೆರೆಯ ವಜ್ರ, ಒಳಗೆ ಕಪ್ಪು ಚಿತ್ರ. ಇದಕ್ಕೆ ಜಿಎಚ್‌ಎಸ್ ಅಂತ ಹೆಸರು. ಯಾವ ರಾಸಾಯನಿಕ ಎಷ್ಟು ಅಪಾಯ, ಅದನ್ನು ಹೇಗೆ ಬರೆದು ತೋರಿಸಬೇಕು ಅನ್ನುವುದಕ್ಕೆ ಎಲ್ಲಾ ದೇಶಕ್ಕೂ ಒಂದೇ ಪದ್ಧತಿ ಇರಲಿ ಅಂತ ವಿಶ್ವಸಂಸ್ಥೆ ಮಾಡಿದ್ದು. 1992ರಲ್ಲಿ ರಿಯೋದಲ್ಲಿ ನಡೆದ ಸಮ್ಮೇಳನದಲ್ಲಿ ಶುರುವಾದ ಮಾತು, 2003ರಲ್ಲಿ ಪುಸ್ತಕವಾಗಿ ಬಂತು. ಯುರೋಪ್ 2008ರಲ್ಲಿ ಕಾನೂನು ಮಾಡಿ, 2015ರ ಜೂನ್ ಹೊತ್ತಿಗೆ ಬೆರೆಸಿ ಮಾಡಿದ ರಾಸಾಯನಿಕಗಳಿಗೂ ಕಡ್ಡಾಯ ಮಾಡಿತು. ಚೀಟಿ ಅಲ್ಲಿ ಮಾರುವ ದೇಶದ ಭಾಷೆಯಲ್ಲೇ ಇರಬೇಕು. ನಮ್ಮಲ್ಲಿ ಇದನ್ನು ಎಲ್ಲಾ ರಾಸಾಯನಿಕಕ್ಕೂ ತರುವ ಕರಡು ನಿಯಮ ಕೆಲವು ವರ್ಷದಿಂದ ಓಡಾಡುತ್ತಿದೆ. ಹೀಗಾಗಿ ಒಂದೇ ಕಾರ್ಖಾನೆ, ಒಂದೇ ಪುಡಿ, ಹೊರಗೆ ಹೋಗುವ ಡ್ರಮ್ಮಿಗೆ ಒಂದು ಚೀಟಿ, ನಮ್ಮ ಪಾಲಿಗೆ ಇನ್ನೊಂದು.

ಒಟ್ಟು ಒಂಬತ್ತು ಚಿತ್ರ. ಅಕ್ಕನ ಮಗ ಕಳಿಸಿದ್ದನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ಮನೆಯವರಿಗೂ ಆಳುಗಳಿಗೂ ಒಂದು ಸಂಜೆ ಪರೀಕ್ಷೆ ಇಟ್ಟೆ. ಬುರುಡೆ, ಬೆಂಕಿ, ಸಿಡಿಯುವ ಬಾಂಬು, ಕೈ ಮೇಲೆ ಸುರಿದು ಸುಡುವ ಆಸಿಡ್, ಇವು ಎಲ್ಲರಿಗೂ ಗೊತ್ತಾದವು. ಸಿಲಿಂಡರ್ ನೋಡಿ ಒಬ್ಬರು ಬಾಟಲಿ ಅಂದರು, ಪರವಾಗಿಲ್ಲ. ಆಶ್ಚರ್ಯಸೂಚಕ ಚಿಹ್ನೆ ಯಾರಿಗೂ ಅರ್ಥ ಆಗಲಿಲ್ಲ. ಇನ್ನೊಂದರಲ್ಲಿ ಮನುಷ್ಯನ ಎದೆಯಲ್ಲಿ ನಕ್ಷತ್ರ ಸಿಡಿದಂತೆ ಬಿಳಿ ಗುರುತು ಇರುತ್ತೆ. ಕ್ಯಾನ್ಸರ್, ಹುಟ್ಟುವ ಮಗುವಿಗೆ ತೊಂದರೆ, ಅಂಗಾಂಗಕ್ಕೆ ನಿಧಾನವಾಗಿ ಆಗುವ ಹಾನಿ, ಇವಕ್ಕೆಲ್ಲ ಅದು. ನಮ್ಮ ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಎದೆ ಬಗೆದ ಹನುಮಂತ ಅಲ್ವೇನೇ?" ಅಂದರು. ಎಲ್ಲರೂ ನಕ್ಕೆವು. ಆದರೆ ಜಗತ್ತಿಗೆಲ್ಲ ಒಂದೇ ಚಿತ್ರ ಅಂದುಬಿಟ್ಟರೆ ಆಗಲಿಲ್ಲ, ಊರೂರಲ್ಲಿ ಕೂತು ಹೇಳಿಕೊಡಬೇಕು ಅಂತ ನನಗೆ ಅವತ್ತೇ ಅನ್ನಿಸಿದ್ದು.

ಒಂಬತ್ತನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ಒಣಗಿದ ಮರ, ಪಕ್ಕದಲ್ಲಿ ಸತ್ತ ಮೀನು. ನೀರಿನ ಜೀವಕ್ಕೆ ಅಪಾಯ ಅಂತ. ಕ್ಲೋರ್‌ಪೈರಿಫಾಸ್‌ಗೆ ಯುರೋಪಿನ ಲೆಕ್ಕದಲ್ಲಿ ಬುರುಡೆಯೂ ಬರುತ್ತೆ, ಈ ಮೀನೂ ಬರುತ್ತೆ. ಮೈಲುತುತ್ತಕ್ಕೂ ಮೀನು ಬರುತ್ತೆ! ನಾವು ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಯಾವಾಗಲೂ ಹಳ್ಳದ ದಡದಲ್ಲೇ, ನೀರು ಹತ್ತಿರ ಅಂತ. 200 ಲೀಟರ್ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಚಾಕು ಅದ್ದಿ ನೋಡುತ್ತೇವೆ, ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ. ಇದೆಲ್ಲ ಚಿಕ್ಕ ಮಕ್ಕಳಿಗೂ ಗೊತ್ತು. ಕೆಲಸ ಮುಗಿದ ಮೇಲೆ ಡ್ರಮ್ಮು ಹಳ್ಳಕ್ಕೆ ಬಗ್ಗಿಸಿ ತೊಳೆಯುತ್ತೇವೆ. ಒಂದು ವರ್ಷ ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಿಸಿಲು ಜಾಸ್ತಿ ಆಗಿ ಸತ್ತವು ಅಂದುಕೊಂಡೆವು. ನಾನು ತಂದ ಮೈಲುತುತ್ತದ ಚೀಲದ ಮೇಲೆ ತೂಕ, ಬೆಲೆ, ಒಣ ಜಾಗದಲ್ಲಿಡಿ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಮೀನಿನ ಸುದ್ದಿಯೇ ಇಲ್ಲ. ನಮ್ಮ ನಾಲ್ಕು ಬಣ್ಣ ಮನುಷ್ಯನಿಗೆ ತಕ್ಷಣ ಆಗುವ ವಿಷದ ಲೆಕ್ಕ ಮಾತ್ರ ಹೇಳುತ್ತವೆ. ಹಳ್ಳದ ಲೆಕ್ಕ, ಇಪ್ಪತ್ತು ವರ್ಷದ ಮೇಲೆ ಬರುವ ಕಾಯಿಲೆಯ ಲೆಕ್ಕ ಆ ಬಣ್ಣದಲ್ಲಿ ಸಿಗುವುದಿಲ್ಲ.

ಹಾಗಂತ ಹೊರಗಿನದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅಮೆರಿಕ 2012ರಲ್ಲಿ ಜಿಎಚ್‌ಎಸ್ ಅನ್ನು ಕೆಲಸದ ಜಾಗದ ರಾಸಾಯನಿಕಗಳಿಗೆ ತಂದಿತು, ಕೀಟನಾಶಕದ ಬಾಟಲಿಗೆ ಅಲ್ಲಿ ಇನ್ನೂ ಅವರದೇ ಬೇರೆ ಪದ್ಧತಿ. ಕೆಲವು ಕಡೆ ನಮ್ಮ ನಿಯಮವೇ ಬಿಗಿ. ಹೊಟ್ಟೆಗೆ ಹೋಗುವ ಆ ಮಿಲಿಗ್ರಾಂ ಲೆಕ್ಕದಲ್ಲಿ 300ರಿಂದ 500ರ ನಡುವಿನದಕ್ಕೆ ನಾವು "ವಿಷ" ಅಂತೇವೆ, ಜಿಎಚ್‌ಎಸ್‌ನಲ್ಲಿ ಬರೀ ಆಶ್ಚರ್ಯಸೂಚಕ ಹಾಕುತ್ತಾರೆ. ಪದಗಳ ಗೊಂದಲ ಬೇರೆ ಇದೆ. ನಮ್ಮ ಬಾಟಲಿಯಲ್ಲಿ "ಅಪಾಯ" ಅಂದರೆ ನೀಲಿ, ಮೂರನೆಯ ಸ್ಥಾನ. ಜಿಎಚ್‌ಎಸ್ ಚೀಟಿಯಲ್ಲಿ "ಅಪಾಯ" ಅಂದರೆ ಎಲ್ಲಕ್ಕಿಂತ ಮೇಲಿನದು. ನಾಳೆ ಹೊಸ ಪದ್ಧತಿ ಬಂದು, ಹಳೇ ಸ್ಟಾಕು ಹೊಸ ಸ್ಟಾಕು ಒಂದೇ ಕಪಾಟಿನಲ್ಲಿ ಕೂತರೆ ಒಂದೇ ಪದಕ್ಕೆ ಎರಡು ಅರ್ಥ. ಅದನ್ನು ಬಿಡಿಸಿ ಹೇಳುವ ಕೆಲಸ ಕೊನೆಗೆ ಈ ಅಂಗಡಿಯವರ ತಲೆಗೇ ಬರುವುದು.

ಟ್ಯಾಂಕರ್ ಲಾರಿಗಳಲ್ಲಿ ಎಲ್ಲಾ ದೇಶಕ್ಕೂ ಒಂದೇ ಗುರುತು ಆಗಲೇ ಬಂದಿದೆ, ನೋಡಿದ್ದೀರಾ? ಮಂಗಳೂರಿಂದ ಶಿರಾಡಿ ಹತ್ತಿ ಸಕಲೇಶಪುರ, ಹಾಸನದ ಕಡೆ ಬರುವ ಟ್ಯಾಂಕರಿನ ಹಿಂದೆ 1203 ಅಂತಿದ್ದರೆ ಪೆಟ್ರೋಲ್, 1075 ಅಂದರೆ ಗ್ಯಾಸ್. ಆ ನಂಬರು ಎಲ್ಲಾ ದೇಶದಲ್ಲೂ ಅದೇ. ಟ್ಯಾಂಕರಿಗೆ ಆಗುವುದು ಬಾಟಲಿಗೆ ಯಾಕೆ ಆಗಬಾರದು?

ಚೀಟಿಗೆ ಎರಡು ಸ್ಟಾರ್ ಆದರೂ ಯಾಕೆ ಕೊಟ್ಟೆ ಅಂದರೆ, ಒಳಗಿನ ಮಡಿಚಿದ ಕಾಗದದಲ್ಲಿ ಕನ್ನಡ ಇದೆ. ಪ್ರಾದೇಶಿಕ ಭಾಷೆಯಲ್ಲಿ ಕೊಡಲೇಬೇಕು ಅಂತ ನಿಯಮವೂ ಇದೆ. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಅಟ್ರೋಪಿನ್ ಅಂತ ಎಲ್ಲಾ ಬರೆದಿದ್ದಾರೆ. ಮಾವನ ವಿಷಯದಲ್ಲಿ ನಮಗೆ ಬೇಕಾಗಿದ್ದುದು ಇದೊಂದೇ ಕಾಗದ. ಆದರೆ ಅಕ್ಷರ ಇರುವೆ ಸಾಲಿನ ಹಾಗಿವೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಬಣ್ಣದ ಚೌಕ ಚೀಟಿಯ ಹದಿನಾರನೇ ಒಂದು ಪಾಲಿಗಿಂತ ಚಿಕ್ಕದಿರಬಾರದಂತೆ. ಸ್ಕೇಲ್ ಹಿಡಿದು ಅಳೆದೆ, ಲೆಕ್ಕಕ್ಕೆ ಸರಿಯಾಗಿಯೇ ಇದೆ. ಚಿಕ್ಕ ಬಾಟಲಿಯಲ್ಲಿ ಅದು ನನ್ನ ಹೆಬ್ಬೆರಳ ಉಗುರಿನಷ್ಟು.

ಅಂಗಡಿಗೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಸುಮ್ನೆ ಅಲ್ಲ. ಸುರಕ್ಷತಾ ಮಾಹಿತಿ ಹಾಳೆ ಕೊಡಿ ಅಂದೆ, ಒಂದು ರಾಸಾಯನಿಕದ ಅಪಾಯ, ಎಚ್ಚರಿಕೆ ಎಲ್ಲಾ ವಿವರವಾಗಿ 16 ಭಾಗದಲ್ಲಿ ಬರೆದಿರುತ್ತಲ್ಲ, ಅದು. "ಅದ್ಯಾರೂ ಕೇಳಲ್ಲ ಅಕ್ಕ" ಅಂದರು. ಎರಡು ದಿನ ಆದ ಮೇಲೆ ವಾಟ್ಸಾಪಿನಲ್ಲಿ ಇಂಗ್ಲಿಷಿನದು ಬಂತು. ಮೈಲುತುತ್ತದ ಚೀಲವನ್ನು ದನದ ಹಿಂಡಿ ಚೀಲದ ಪಕ್ಕದಲ್ಲೇ ಪೇರಿಸಿಟ್ಟಿದ್ದಾರೆ, ಹೇಳಿದ್ದಕ್ಕೆ ಜಾಗ ಇಲ್ಲ ಅಂದರು. ಗಾಡಿ ನಿಲ್ಲಿಸಲೂ ಜಾಗ ಇಲ್ಲ. ಬೆಳಗ್ಗೆ ಹತ್ತರ ಒಳಗೆ ಹೋದರೆ ಒಳ್ಳೆಯದು, ಆಮೇಲೆ ಜನ ಜಾಸ್ತಿ, ಚೀಟಿ ತೋರಿಸುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ.

ಹೊರಡುವಾಗ "ಕೌಂಟರಿಗೆ ಒಂದು ಭೂತಗನ್ನಡಿ ತಂದಿಡಿ ಅಣ್ಣ, ಕಾಗದ ಓದೋಕೆ" ಅಂದೆ. ನಕ್ಕರು. ಮೊನ್ನೆ ಸುಣ್ಣ ತರಲು ಹೋದಾಗ ನೋಡಿದೆ, ತಕ್ಕಡಿ ಪಕ್ಕ ದಾರ ಕಟ್ಟಿ ನೇತು ಹಾಕಿದ್ದರು.