ಕಡಿಮೆ ಬಜೆಟ್ಟಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಮುಂಚೆ ಇದನ್ನು ಓದಿ

ಗೇಮಿಂಗ್ ಪಿಸಿ ಕಟ್ಟಿಸಬೇಕು, ಕೈಯಲ್ಲಿ ದುಡ್ಡು ಕಡಿಮೆ ಇದೆ. ಹೀಗೆ ಅಂಗಡಿಗೆ ಹೋದ ಹುಡುಗರನ್ನು ಒಪ್ಪಿಸುವ ಮಾತೊಂದಿದೆ: "ದೊಡ್ಡ ಕಾರ್ಡ್ ಯಾಕೆ ಬಾಸ್, ಆರ್‌ಎಕ್ಸ್ 580 ಎರಡು ಹಾಕ್ಸಿ, ಅರ್ಧ ರೇಟಿಗೆ ಡಬಲ್ ಪವರ್." ಆರ್‌ಎಕ್ಸ್ 580 ಅಂದರೆ ಎಎಂಡಿ ಕಂಪನಿಯ ಹಳೆಯ ಗ್ರಾಫಿಕ್ಸ್ ಕಾರ್ಡು, ಪಿಸಿಯಲ್ಲಿ ಆಟದ ಚಿತ್ರ ಬರೆಯುವ ಭಾಗ. ದಯವಿಟ್ಟು ಈ ಮಾತನ್ನು ನಂಬಬೇಡಿ. ನನ್ನ ಚಿಕ್ಕಪ್ಪನ ಮಗ ನಂಬಿದ. ಇಂಟರ್ನ್‌ಶಿಪ್‌ನಲ್ಲಿ ಬಂದ ಸ್ಟೈಪೆಂಡ್ ಕೂಡಿಟ್ಟು ತಂದ ಪಿಸಿ ಅದು. ಆಮೇಲೆ ಅದರ ಕ್ಯಾಬಿನೆಟ್ ಬಿಚ್ಚಿ ಒಂದೊಂದಾಗಿ ನೋಡಿದವನು ನಾನು. ಕಂಡದ್ದನ್ನು ಬರೆಯುತ್ತಿದ್ದೇನೆ, ಇನ್ನೊಬ್ಬರ ದುಡ್ಡು ಹೀಗೆ ಹೋಗದಿರಲಿ ಅಂತ.

ಅವನು ಹಾಸನದವನು. ಬೆಂಗಳೂರಿಗೆ ಬಂದು ಕಂಪ್ಯೂಟರ್ ಸಾಮಾನಿಗೆ ಹೆಸರಾದ ಎಸ್‌.ಪಿ. ರೋಡಿನ ಒಂದು ಅಂಗಡಿಯಲ್ಲಿ ಎಲ್ಲ ಸಾಮಾನು ತಗೊಂಡ. ಆ ರೋಡಿನಲ್ಲಿ ನಂಬಿಕೆಯ ಅಂಗಡಿಗಳು ಬೇಕಾದಷ್ಟಿವೆ, ನಾನೇ ಎಷ್ಟೋ ಸಲ ಅಲ್ಲಿಂದ ತಂದಿದ್ದೇನೆ. ಇವನು ಹೊಕ್ಕಿದ್ದು ಅಂಥ ಅಂಗಡಿಯನ್ನಲ್ಲ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡು, ಹೆಸರೇ ಕೇಳದ ಕಂಪನಿಯ "600 ವ್ಯಾಟ್" ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟು ಹಂಚುವ ಡಬ್ಬ), ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್. ಜೊತೆಗೆ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಎರಡು, ಒಂದೊಂದಕ್ಕೆ 7 ಸಾವಿರ. ಕಾರ್ಡುಗಳಿಗೆ ಬಿಲ್ಲಿಲ್ಲ. ಚೀಟಿಯ ಮೇಲೆ "ಟೆಸ್ಟಿಂಗ್ ವಾರಂಟಿ" ಅಂತ ಗೀಚಿ ಕೊಟ್ಟಿದ್ದರು, ಅಷ್ಟೇ.

ಅವನಿಗೆ ಹೇಳಿದ ಮೊದಲ ಸುಳ್ಳು ಮೆಮೊರಿಯದ್ದು. 8 ಜಿಬಿ ಕಾರ್ಡ್ ಎರಡು ಹಾಕಿದರೆ 16 ಜಿಬಿ ಆಗುತ್ತದಂತೆ. ಗೇಮಿಂಗ್‌ನಲ್ಲಿ ಹಾಗಾಗುವುದಿಲ್ಲ. ಎರಡು ಕಾರ್ಡೂ ಒಂದೇ ಆಟದ ಚಿತ್ರ ಬರೆಯಬೇಕಾದ್ದರಿಂದ ಆಟದ ಟೆಕ್ಸ್ಚರ್‌ಗಳೆಲ್ಲ (ವಸ್ತುಗಳ ಮೇಲೆ ಹೊದಿಸುವ ಚಿತ್ರಗಳು) ಎರಡರಲ್ಲೂ ಇರಬೇಕು. ಒಂದೇ ಪಠ್ಯಪುಸ್ತಕದ ಎರಡು ಪ್ರತಿ ಕೊಂಡ ಹಾಗೆ, ಪಾಠ ಜಾಸ್ತಿಯಾಗಲ್ಲ. ಆಟಕ್ಕೆ ಸಿಗುವುದು 8 ಜಿಬಿಯೇ.

ಎರಡನೆಯ ಸುಳ್ಳು ಡಬಲ್ ಪವರ್. ಎರಡು ಕಾರ್ಡ್ ಒಟ್ಟಿಗೆ ಓಡಿಸುವ ಎಸ್‌ಎಲ್‌ಐ, ಕ್ರಾಸ್‌ಫೈರ್ ಎರಡೂ ನಿಜವಾಗಿ ಇದ್ದವು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿ ವೂಡೂ 2 ಕಾರ್ಡಿನಲ್ಲಿ ಎಸ್‌ಎಲ್‌ಐ ತಂದಿತು. ಆಮೇಲೆ ಆ ಕಂಪನಿಯ ಆಸ್ತಿ ಕೊಂಡ ಎನ್‌ವಿಡಿಯಾ 2004ರಲ್ಲಿ ಅದೇ ಹೆಸರನ್ನು ಮತ್ತೆ ಚಾಲ್ತಿಗೆ ತಂದಿತು. ಮರುವರ್ಷ ಎಟಿಐನವರ ಕ್ರಾಸ್‌ಫೈರ್ ಬಂತು, ಆ ಕಂಪನಿಯನ್ನು ಆಮೇಲೆ ಎಎಂಡಿ ಕೊಂಡಿತು. 2016ರಲ್ಲಿ ಎಎಂಡಿ ಎರಡು ಆರ್‌ಎಕ್ಸ್ 480 ಜೋಡಿಸಿ ಜಿಟಿಎಕ್ಸ್ 1080ರ (ಎನ್‌ವಿಡಿಯಾದ ಆಗಿನ ದೊಡ್ಡ ಕಾರ್ಡು) ಎದುರು ನಿಲ್ಲಿಸಿ ತೋರಿಸಿತ್ತು. ಆದರೆ ಆ ಪಂದ್ಯ ನಡೆದದ್ದು 'ಆಶಸ್ ಆಫ್ ದಿ ಸಿಂಗ್ಯುಲಾರಿಟಿ' ಅನ್ನುವ ಒಂದು ಆಟದಲ್ಲಿ. ಎರಡು ಕಾರ್ಡಿಗೆ ಅಂತಲೇ ಚೆನ್ನಾಗಿ ಕೋಡ್ ಬರೆದಿದ್ದ ಆಟ ಅದು. ಈಗಲೂ ಜನ ನೆನಪಿಟ್ಟುಕೊಂಡು ಹೇಳುವುದು ಆ ಒಂದು ಪಂದ್ಯವನ್ನೇ.

ಅದಾದ ಮೇಲೆ ಎರಡೂ ಕಂಪನಿಗಳು ಮೆಲ್ಲಗೆ ಕೈ ಬಿಟ್ಟವು. ಎಎಂಡಿಯ 2019ರ ಆರ್‌ಎಕ್ಸ್ 5700ಕ್ಕೆ ಕ್ರಾಸ್‌ಫೈರ್ ಇಲ್ಲ. 2021ರ ಜನವರಿಯಿಂದ ಹಳೆಯ ಕಾರ್ಡುಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಆಯಾ ಆಟದಲ್ಲಿ ಎರಡು ಕಾರ್ಡು ಓಡಿಸಲು ಡ್ರೈವರಿನಲ್ಲಿ ಇಡುವ ಸೆಟ್ಟಿಂಗ್) ಕೊಡುವುದಿಲ್ಲ ಅಂತ ಎನ್‌ವಿಡಿಯಾ ಹೇಳಿಬಿಟ್ಟಿತು. ಡೈರೆಕ್ಟ್‌ಎಕ್ಸ್ ಅಂದರೆ ವಿಂಡೋಸ್ ಆಟಗಳು ಕಾರ್ಡಿನ ಜೊತೆ ಮಾತಾಡುವ ವ್ಯವಸ್ಥೆ. ಅದರ 12ನೇ ಆವೃತ್ತಿ ಬಳಸುವ ಆಟಗಳಲ್ಲಿ ಎರಡನೇ ಕಾರ್ಡನ್ನು ದುಡಿಸುವ ಹೊಣೆ ಆಟ ಬರೆದವರದ್ದು, ಡ್ರೈವರ್‌ನದ್ದಲ್ಲ. 'ಶಾಡೋ ಆಫ್ ದಿ ಟೂಂಬ್ ರೈಡರ್'ನಂಥ ಕೆಲವೇ ಆಟಗಳಲ್ಲಿ ಆ ಕೆಲಸ ಮಾಡಿದ್ದಾರೆ. ಹೊಸ ಆಟಗಳ ಸ್ಟುಡಿಯೋಗಳು ಆ ತಂಟೆಗೇ ಹೋಗುವುದಿಲ್ಲ.

ತಮ್ಮನ ಮನೆಯಲ್ಲಿ ಕಂಡದ್ದು ಇದನ್ನೇ. 'ಸೈಬರ್‌ಪಂಕ್ 2077' ಹಾಕಿ ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದೆ. ಮೊದಲ ಕಾರ್ಡು 99 ಪರ್ಸೆಂಟ್. ಎರಡನೆಯದು ಸೊನ್ನೆ. ಒಳಗೆ ಅದರ ಲೈಟು ಉರೀತಿದೆ, ಕರೆಂಟು ತಿಂತಿದೆ, ಆಟಕ್ಕೆ ಮಾತ್ರ ಅದು ಇಲ್ಲವೇ ಇಲ್ಲ. "ಸೆಟ್ಟಿಂಗ್ ಎಲ್ಲೋ ತಪ್ಪಿರಬೇಕು ಅಲ್ವಾ ಅಣ್ಣ?" ಅಂತ ಕೇಳಿದ. ತಪ್ಪಿದ ಸೆಟ್ಟಿಂಗ್ ಯಾವುದೂ ಇರಲಿಲ್ಲ.

'ಜಿಟಿಎ 5' ಹಳೆಯ ಡೈರೆಕ್ಟ್‌ಎಕ್ಸ್ 11 ಆಟ, ಅದರಲ್ಲಿ ಕ್ರಾಸ್‌ಫೈರ್ ಕೆಲಸ ಮಾಡಿತು. ಸ್ಕ್ರೀನಿನ ಮೂಲೆಯ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನಂಬರ್ ಏನೋ ಏರಿತು, ಆದರೆ ಕಾರು ತಿರುಗಿಸಿದರೆ ರಸ್ತೆ ಜರ್ಕ್ ಹೊಡೆಯುತ್ತಿತ್ತು. ಇದಕ್ಕೆ ಮೈಕ್ರೋ ಸ್ಟಟರ್ ಅನ್ನುತ್ತಾರೆ. ಒಂದು ಫ್ರೇಮ್ ಈ ಕಾರ್ಡು, ಮುಂದಿನದು ಆ ಕಾರ್ಡು ಬರೆಯುವಾಗ ಬರುವ ತೊಂದರೆ. 60 ಎಫ್‌ಪಿಎಸ್ ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಂದು ಫ್ರೇಮ್ ಬರಬೇಕು. ಒಂದು 8ಕ್ಕೆ, ಇನ್ನೊಂದು 25ಕ್ಕೆ ಬಂದರೂ ಲೆಕ್ಕದಲ್ಲಿ 60 ಅಂತಲೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ಗೊತ್ತಾಗಿಬಿಡುತ್ತದೆ. ಇನ್ನು ಈಗಿನ ಆಟಗಳು ಹಿಂದಿನ ಫ್ರೇಮಿನ ಮಾಹಿತಿ ಇಟ್ಟುಕೊಂಡು ಮುಂದಿನದನ್ನು ಬರೆಯುತ್ತವೆ. ಆ ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿ ಕೂತಿದ್ದರೆ, ಅದನ್ನು ತರಿಸಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ.

ಕಾರ್ಡುಗಳ ಕಥೆ ಇನ್ನೂ ಕೆಟ್ಟದಾಗಿತ್ತು. 2022ರ ಸೆಪ್ಟೆಂಬರ್ 15ಕ್ಕೆ ಈಥಿರಿಯಂ ಅನ್ನುವ ಕ್ರಿಪ್ಟೋ ಹಣದ ಜಾಲ ತನ್ನ ಪದ್ಧತಿ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಅದರ ಮೈನಿಂಗ್ (ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತುಹೋಯಿತು. ಹಗಲು ರಾತ್ರಿ ದುಡಿದ ಆರ್‌ಎಕ್ಸ್ 570, 580ಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ತಮ್ಮನ ಎರಡೂ ಅಂಥವೇ. ಒಂದರಲ್ಲಿ ಫ್ಯಾನ್ ತಿರುಗುವಾಗ ಕರಕರ ಸದ್ದು. ಹಿಂಬದಿಯ ಪ್ಲೇಟಿನ ಅಂಚಿನಲ್ಲಿ ಎಣ್ಣೆ ಇಳಿದ ಕಲೆ. ಚಿಪ್ಪುಗಳ ಬಿಸಿ ಸಾಗಿಸಲು ಒಳಗೆ ಹಾಕುವ ಥರ್ಮಲ್ ಪ್ಯಾಡಿನಿಂದ ಎಣ್ಣೆ ಬಿಸಿಗೆ ಸೋರಿದಾಗ ಹಾಗಾಗುತ್ತದೆ. ಇನ್ನೊಂದಕ್ಕೆ ಮೊದಲು ವಿಂಡೋಸ್‌ನಲ್ಲಿ ಡ್ರೈವರ್ ಕೂರುತ್ತಲೇ ಇರಲಿಲ್ಲ, ಕೋಡ್ 43 ಎರರ್. ಅಂಗಡಿಯವನು ಫೋನಿನಲ್ಲಿ "ವಿಂಡೋಸ್ ಮತ್ತೆ ಹಾಕಿ, ಸರಿ ಹೋಗತ್ತೆ" ಅಂದಿದ್ದ. ಪಾಪ ಇವನು ಹಾಗೇ ಮಾಡಿ ಮಾಡಿ ಸುಸ್ತಾಗಿದ್ದ. ಅಸಲಿಗೆ ಮೈನಿಂಗ್‌ಗಾಗಿ ಕಾರ್ಡಿನ ಬಯೋಸ್ (ಕಾರ್ಡಿನೊಳಗೇ ಇರುವ ಮೂಲ ಪ್ರೋಗ್ರಾಂ) ಬದಲಿಸಿದ್ದರು. ಅದನ್ನು ಡ್ರೈವರ್ ಒಪ್ಪುತ್ತಿರಲಿಲ್ಲ. ಕಾರ್ಡಿನ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಸ್ವಿಚ್ ಇತ್ತು, ಎರಡು ಬಯೋಸ್ ಇರುವ ಕಾರ್ಡುಗಳಲ್ಲಿ ಇರುತ್ತದೆ. ಪಿಸಿ ಆಫ್ ಮಾಡಿ ಅದನ್ನು ಆ ಕಡೆ ತಳ್ಳಿದೆ. ಆ ಬದಿಯಲ್ಲಿ ಕಂಪನಿಯ ಬಯೋಸ್ ಹಾಗೇ ಉಳಿದಿತ್ತು, ಡ್ರೈವರ್ ಕೂತಿತು. ಮೇಲೆ ಹೇಳಿದ ಆಟಗಳನ್ನು ಹಾಕಿ ನೋಡಿದ್ದು ಇದಾದ ಮೇಲೆಯೇ.

ಆಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಒಂದರಲ್ಲಿ ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕ) 2304, ಇನ್ನೊಂದರಲ್ಲಿ 2048. ಆರ್‌ಎಕ್ಸ್ 580ಕ್ಕೆ ಇರಬೇಕಾದ್ದು 2304. 2048 ಇರುವುದು 2018ರಲ್ಲಿ ಚೀನಾ ಮಾರ್ಕೆಟ್ಟಿಗೆ ಬಂದ "2048ಎಸ್‌ಪಿ" ಮಾದರಿ. ಹೆಸರು 580, ಒಳಗಿರುವುದು ಆರ್‌ಎಕ್ಸ್ 570ರ ಸರಕು. ಎರಡಕ್ಕೂ ಒಂದೇ ರೇಟು ತಗೊಂಡಿದ್ದರು. ಜೋಡಿಯಾಗಿ ಓಡುವಾಗ ವೇಗದ ಕಾರ್ಡು ನಿಧಾನದ ಕಾರ್ಡಿಗೆ ಕಾಯಬೇಕಾಗುತ್ತದೆ ಅನ್ನುವುದು ಬೇರೆ.

ಬೋರ್ಡಿನ ಎರಡನೇ ಸ್ಲಾಟ್ ನೋಡೋಣ ಅಂತ ಮೊಬೈಲ್ ಟಾರ್ಚ್ ಹಿಡಿದೆ. ಹೊರಗೆ ಉದ್ದದ ಎಕ್ಸ್16 ಸ್ಲಾಟೇ. ಒಳಗೆ ಚಿನ್ನದ ಬಣ್ಣದ ಕಡ್ಡಿಗಳು ಅರ್ಧಕ್ಕೂ ಮುಂಚೆ ಮುಗಿದಿದ್ದವು, ಉಳಿದ ಉದ್ದಕ್ಕೆ ಬರೀ ಪ್ಲಾಸ್ಟಿಕ್. ಬಿ450 ಬೋರ್ಡುಗಳಲ್ಲಿ ಈ ಎರಡನೇ ಸ್ಲಾಟಿಗೆ ಸಾಮಾನ್ಯವಾಗಿ ಚಿಪ್‌ಸೆಟ್‌ನಿಂದ ಬರುವ ನಾಲ್ಕೇ ಲೇನು (ಡೇಟಾ ಓಡಾಡುವ ದಾರಿ, ದೊಡ್ಡ ಸ್ಲಾಟಿಗೆ ಹದಿನಾರು), ಅದೂ ನಿಧಾನದ ಹಳೆಯ ಪಿಸಿಐಇ 2.0. ಈ ಕಾರ್ಡುಗಳಿಗೆ ಬ್ರಿಡ್ಜ್ ಕೇಬಲ್ ಇಲ್ಲ, ಒಂದಕ್ಕೊಂದು ಮಾತಾಡುವುದು ಇದೇ ಸ್ಲಾಟಿನ ಮೂಲಕ. ಅಷ್ಟು ಕಿರಿದಾದ ದಾರಿಯಲ್ಲಿ ಫ್ರೇಮುಗಳು ಸಿಕ್ಕಿಹಾಕಿಕೊಳ್ಳದೆ ಇರುತ್ತವೆಯೇ? ಎಸ್‌ಎಲ್‌ಐ ಆಗಿದ್ದರೆ ಎಂಟು ಲೇನಿಗಿಂತ ಕಡಿಮೆ ಇದ್ದರೆ ಶುರುವೇ ಆಗುತ್ತಿರಲಿಲ್ಲ.

ಇಲ್ಲಿವರೆಗಿನದು ದುಡ್ಡಿನ ನಷ್ಟ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಎಸ್‌ಎಂಪಿಎಸ್ ನೋಡಿದಾಗ. ಎಷ್ಟೋ ಸಲ ಆಟ ಲೋಡ್ ಆಗುವಾಗಲೇ ಪಿಸಿ ಟಪ್ ಅಂತ ಆಫ್ ಆಗುತ್ತಿತ್ತು. ಡಬ್ಬದ ಮೇಲೆ 600 ವ್ಯಾಟ್ ಅಂತ ದಪ್ಪಕ್ಷರ. ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲಿಗೆ 32 ಆಂಪ್, ಅಂದರೆ 384 ವ್ಯಾಟ್. ಒಂದು ಆರ್‌ಎಕ್ಸ್ 580ಗೆ 185 ವ್ಯಾಟ್ ಬೇಕು. ಎರಡಕ್ಕೆ 370. ಪ್ರೊಸೆಸರ್, ಫ್ಯಾನು, ಉಳಿದದ್ದಕ್ಕೆ ಏನು ಉಳಿಯಿತು?

ಅದರಲ್ಲಿ ಕಾರ್ಡಿಗೆ ಹೋಗುವ 8 ಪಿನ್ ಕನೆಕ್ಟರ್ ಇದ್ದದ್ದು ಒಂದೇ. ಎರಡನೇ ಕಾರ್ಡಿಗೆ ಮೋಲೆಕ್ಸ್‌ನಿಂದ (ಹಳೆಯ ಕಾಲದ 4 ಪಿನ್ ಕನೆಕ್ಟರ್) 8 ಪಿನ್‌ಗೆ ಬದಲಿಸುವ ಕನ್ವರ್ಟರ್ ಹಾಕಿದ್ದರು. ಕನ್ವರ್ಟರಿಗೆ ಎರಡು ಮೋಲೆಕ್ಸ್ ಬಾಯಿ ಇವೆ, ಆದರೆ ಎರಡನ್ನೂ ಎಸ್‌ಎಂಪಿಎಸ್‌ನ ಒಂದೇ ವೈರಿಗೆ ಸಿಕ್ಕಿಸಿದ್ದರು. 8 ಪಿನ್ ಅಂದರೆ 150 ವ್ಯಾಟ್ ವರೆಗೆ ಎಳೆಯುವ ಜಾಗ. ಅಷ್ಟೂ ಕರೆಂಟು ಒಂದೇ ಹಳದಿ ವೈರಿನಲ್ಲಿ. ಬಿಚ್ಚಿದಾಗ ಬಿಳೀ ಕನೆಕ್ಟರಿನಲ್ಲಿ ಹಳದಿ ವೈರ್ ಹೊಕ್ಕ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಪಿಸಿ ಇದ್ದದ್ದು ಅವನು ಮಲಗುವ ಕೋಣೆಯಲ್ಲಿ, ಬಟ್ಟೆಯ ಪರದೆಯ ಪಕ್ಕದಲ್ಲಿ. ಇಂಥ ಕನ್ವರ್ಟರ್ ನಿಮ್ಮ ಪಿಸಿಯಲ್ಲಿ ಇದ್ದರೆ ಇವತ್ತೇ ತೆಗೆಯಿರಿ.

ಕರೆಂಟು ಹೋಗಿ ಬರುವ ಊರಾದ್ದರಿಂದ ಯುಪಿಎಸ್ ಇತ್ತು, 600 ವಿಎ. ಅದು ಕೊಡುವುದು ಸುಮಾರು 360 ವ್ಯಾಟ್. ಆಟ ಶುರುವಾದ ಕೂಡಲೇ ಓವರ್‌ಲೋಡ್ ಅಂತ ಕೂಗುತ್ತಿತ್ತು. ಇನ್ನು ಬಿಸಿ. ಎರಡು ದಪ್ಪ ಕಾರ್ಡುಗಳ ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಕೆಳಗಿನದರ ಬಿಸಿ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತಿತ್ತು. ಮೇಲಿನದು 90 ಡಿಗ್ರಿ ಮುಟ್ಟಿ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತಿತ್ತು.

ಅಂಗಡಿಗೆ ಹೋದೆವು. "ಗೇಮ್ ಸಪೋರ್ಟ್ ಮಾಡದಿದ್ರೆ ನಾವೇನ್ ಮಾಡೋಣ ಸಾರ್, ಟೆಸ್ಟಿಂಗ್ ವಾರಂಟಿ ಮುಗೀತಲ್ಲ" ಅಂದರು. 2048ರ ಮಾತೆತ್ತಿದರೆ "ನಾವು ತಗೊಂಡಿದ್ದೂ ಹಾಗೇ" ಅಂದರು. ಬಿಲ್ಲಿದ್ದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದಿತ್ತು. ಚೀಟಿಯಲ್ಲಿ ಅಂಗಡಿಯ ಹೆಸರೂ ಇರಲಿಲ್ಲ, ಕಾರ್ಡಿನ ಸೀರಿಯಲ್ ನಂಬರೂ ಇರಲಿಲ್ಲ. ಜಿಎಸ್‌ಟಿ ಉಳಿಯುತ್ತೆ ಅಂತ ಹುರಿದುಂಬಿಸಿ ಬಿಲ್ಲು ಬೇಡ ಅನ್ನಿಸುವುದು ಯಾಕೆ ಅಂತ ಆಗ ಅರ್ಥವಾಯಿತು.

ಆ 14 ಸಾವಿರವನ್ನು ಒಂದೇ ಕಾರ್ಡಿಗೆ ಹಾಕಿದ್ದರೆ? ಅಷ್ಟರಲ್ಲಿ ಅವನಿಗೆ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಸಿಗುತ್ತಿತ್ತು. ಅದೂ 8 ಜಿಬಿ. ಎಳೆಯುವುದು 132 ವ್ಯಾಟ್, ಅಂದರೆ ಒಂದು 580ಕ್ಕಿಂತಲೂ ಕಡಿಮೆ. ವೇಗ ಒಂಟಿ 580ಕ್ಕಿಂತ ಎಷ್ಟೋ ಜಾಸ್ತಿ, ಅದೂ ಎಲ್ಲ ಆಟದಲ್ಲಿ, ಜರ್ಕ್ ಇಲ್ಲದೆ. 2021ರ ಕಾರ್ಡಾದ್ದರಿಂದ ಡ್ರೈವರಿಗೂ ಚಿಂತೆ ಕಡಿಮೆ. 580ರ ಪೀಳಿಗೆಯನ್ನು ಎಎಂಡಿ 2023ರಲ್ಲೇ ಮುಖ್ಯ ಡ್ರೈವರಿನಿಂದ ಬೇರೆ ಮಾಡಿ ಪಕ್ಕಕ್ಕಿಟ್ಟಿದೆ. ನನ್ನ ಮಾತು ಇಷ್ಟೇ: ಬಜೆಟ್ ಎಷ್ಟೇ ಸಣ್ಣದಿರಲಿ, ಅಷ್ಟೂ ದುಡ್ಡು ಒಂದೇ ಕಾರ್ಡಿಗೆ ಹೋಗಲಿ.

ಎನ್‌ವಿಡಿಯಾ ಕಡೆ ಹೋದರೂ ಇದೇ ಪಾಡು. ಜಿಟಿಎಕ್ಸ್ 750 ಟಿಐ, 1050 ಟಿಐ, 1060 ಯಾವುದಕ್ಕೂ ಎಸ್‌ಎಲ್‌ಐ ಕನೆಕ್ಟರೇ ಇಲ್ಲ. ಯಾರಾದರೂ "ಎರಡು 1060 ಹಾಕಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಕಾಣುವ 1050 ಟಿಐಗಳ ಬಗ್ಗೆಯೂ ಹುಷಾರು. ಹಳೆಯ ಜಿಟಿಎಸ್ 450ಯಂಥ ಕಾರ್ಡಿಗೆ ಬಯೋಸ್ ಬದಲಿಸಿ ಹೊಸ ಹೆಸರು ಹಾಕಿ ಮಾರುತ್ತಾರೆ. ಜಿಪಿಯು-ಝಡ್ ಅಂಥದ್ದನ್ನು ಫೇಕ್ ಅಂತ ಹೆಸರಿನ ಮುಂದೆಯೇ ತೋರಿಸುತ್ತದೆ. ಪೆನ್‌ಡ್ರೈವ್‌ನಲ್ಲಿ ಅದನ್ನು ಹಾಕಿಕೊಂಡು ಹೋಗಿ, ಅಂಗಡಿಯ ಪಿಸಿಯಲ್ಲೇ ನೋಡಿ. ಜೊತೆಗೆ ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕನ್ನು ಒಂದು ಕಾಫಿ ಕುಡಿಯುವಷ್ಟು ಹೊತ್ತು ಓಡಿಸಿ, ಸ್ಕ್ರೀನಿನಲ್ಲಿ ಬಣ್ಣದ ಚುಕ್ಕಿ ಬರುತ್ತದಾ ನೋಡಿ. ಬೇಡ ಅನ್ನುವ ಅಂಗಡಿಯಲ್ಲಿ ತಗೊಳ್ಳಬೇಡಿ.

ಈಗ ಲಾಸ್‌ಲೆಸ್ ಸ್ಕೇಲಿಂಗ್ ಅನ್ನುವ ಸಾಫ್ಟ್‌ವೇರ್‌ನಿಂದ ಎರಡು ಕಾರ್ಡಿನ ವೀಡಿಯೊಗಳು ಮತ್ತೆ ಓಡಾಡುತ್ತಿವೆ. ಅದರಲ್ಲಿ ಆಟ ಓಡಿಸುವುದು ಒಂದೇ ಕಾರ್ಡು, ಇನ್ನೊಂದು ನಡುನಡುವೆ ಹೊಸ ಫ್ರೇಮ್ ಸೇರಿಸುತ್ತದೆ. ಕಣ್ಣಿಗೆ ನಯವಾಗಿ ಕಾಣುತ್ತದೆ, ನಿಜ. ಆದರೆ ಮೌಸ್ ತಿರುಗಿಸಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಮನೆಯಲ್ಲಿ ಹಳೇ ಕಾರ್ಡ್ ಸುಮ್ನೆ ಬಿದ್ದಿದ್ದರೆ, ಎಸ್‌ಎಂಪಿಎಸ್ ಗಟ್ಟಿಯಾಗಿದ್ದರೆ ಮಾಡಿ ನೋಡಿ. ಅದಕ್ಕಾಗಿ ದುಡ್ಡು ಕೊಟ್ಟು ಎರಡನೇ ಕಾರ್ಡ್ ತರಬೇಡಿ. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರಿಗಾದರೂ ಆಗುತ್ತದಲ್ಲ ಅನ್ನುವವರಿಗೆ: 2021ರಲ್ಲಿ ಬಂದ ಬ್ಲೆಂಡರ್ 3.0, ಈ ಕಾರ್ಡುಗಳನ್ನು ದುಡಿಸಲು ಬಳಸುತ್ತಿದ್ದ ಓಪನ್‌ಸಿಎಲ್ ಅನ್ನು ಕೈಬಿಟ್ಟಿತು, ಅಲ್ಲಿಂದಾಚೆ ಅದರ ಸೈಕಲ್ಸ್ ರೆಂಡರಿಂಗಿಗೆ ಆರ್‌ಎಕ್ಸ್ 580 ನಡೆಯುವುದಿಲ್ಲ.

ಈಗಾಗಲೇ ಎರಡು ಕಾರ್ಡಿನ ಪಿಸಿ ತಂದಿದ್ದರೆ ನಾವು ಮಾಡಿದ್ದನ್ನೇ ಮಾಡಿ. ಒಳ್ಳೆಯ ಕಾರ್ಡನ್ನು ಮೇಲಿನ ಸ್ಲಾಟಿನಲ್ಲಿ ಉಳಿಸಿ, ಇನ್ನೊಂದನ್ನು ತೆಗೆಯಿರಿ. ಕನ್ವರ್ಟರ್ ಕತ್ತರಿಸಿ ಬಿಸಾಡಿ, ಇನ್ಯಾರೂ ಎತ್ತಿ ಬಳಸಬಾರದು. 80 ಪ್ಲಸ್ ಗುರುತಿರುವ (ಕರೆಂಟು ವ್ಯರ್ಥ ಮಾಡುವುದು ಕಡಿಮೆ ಅನ್ನುವ ಪ್ರಮಾಣಪತ್ರ), ವಾರಂಟಿ ಇರುವ 550 ವ್ಯಾಟ್ ಎಸ್‌ಎಂಪಿಎಸ್ ತನ್ನಿ. ತೆಗೆದ ಕಾರ್ಡ್ ಮಾರುವುದಾದರೆ ಮೈನಿಂಗ್‌ನಲ್ಲಿ ದುಡಿದದ್ದು, ಶೇಡರ್ ಇಷ್ಟು ಅಂತ ಜಿಪಿಯು-ಝಡ್ ಫೋಟೋ ಸಮೇತ ಮೊದಲೇ ಹೇಳಿ. ತಮ್ಮ ಹಾಗೆ ಹೇಳಿಯೇ 2048ರದ್ದನ್ನು ಕಡಿಮೆ ರೇಟಿಗೆ ಮಾರಿದ. ಆ ದುಡ್ಡು ಹೊಸ ಎಸ್‌ಎಂಪಿಎಸ್‌ಗೆ ಹೋಯಿತು.